ನಾದದ ಪಡಿಯಚ್ಚು

ವೀಣೆಯನ್ನು ಮೀಟಿದಾಗ ತಂತಿ ಕಂಪಿಸುತ್ತದೆ. ಕೊಳಲನ್ನು ಊದಿದಾಗ ಅದರೊಳಗಿನ ಗಾಳಿ ಕಂಪಿಸುತ್ತದೆ. ಮೃದಂಗವನ್ನು ನುಡಿಸಿದಾಗ ಅದಕ್ಕೆ ಹೊದಿಸಿದ ಚರ್ಮ ಕಂಪಿಸುತ್ತದೆ. ಕಂಪನವಿಲ್ಲದೆ ನಾದವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಾದ್ಯಗಳ ಈ ಹಳೆಯ ಪರಿವಾರಕ್ಕೆ ಹೊಸದೊಂದು ಬಗೆ ಸೇರಿತು. ಅದರಲ್ಲಿ ತಂತಿಯಿಲ್ಲ, ಕೊಳವೆಯಿಲ್ಲ, ಚರ್ಮವೂ ಇಲ್ಲ. ವಿದ್ಯುತ್ತಿನ ಏರಿಳಿತವೇ ಅಲ್ಲಿ ನಾದದ ಬೀಜ. ಆ ಏರಿಳಿತ ಧ್ವನಿವರ್ಧಕವನ್ನು ತಲಪಿದಾಗ ಮಾತ್ರ ಗಾಳಿ ಕಂಪಿಸಿ ನಾದ ಕಿವಿಗೆ ಬೀಳುತ್ತದೆ. ಇಂತಹ ವಾದ್ಯಗಳಲ್ಲಿ ಪ್ರಮುಖವಾದುದು ಸಿಂಥಸೈಸರ್.

ಅಮೆರಿಕದ ರಾಬರ್ಟ್ ಮೋಗ್ (1934–2005) ಎಂಬ ತಂತ್ರಜ್ಞ 1964ರಲ್ಲಿ ತನ್ನ ಮೊದಲ ಸಿಂಥಸೈಸರಿಗೆ ರೂಪ ಕೊಟ್ಟನು. ಅದು ಗೋಡೆಯ ಕಪಾಟಿನಂತೆ ಹರಡಿಕೊಳ್ಳುವ ಉಪಕರಣವಾಗಿತ್ತು. ಅದರ ಸಾರವನ್ನೆಲ್ಲ ಒಂದು ಸಣ್ಣ ಪೆಟ್ಟಿಗೆಯಲ್ಲಿ ಅಡಗಿಸಿ 1970ರಲ್ಲಿ ಹೊರತಂದ ವಾದ್ಯವೇ ಮಿನಿಮೋಗ್. ಅದರ ಕೀಲಿಮಣೆಯಲ್ಲಿ 44 ಕೀಲಿಗಳಿವೆ. ಒಳಗೆ ಮೂರು ಆಂದೋಲಕಗಳಿವೆ. ಆಂದೋಲಕವೆಂದರೆ ವಿದ್ಯುತ್ತನ್ನು ಕ್ರಮಬದ್ಧವಾಗಿ ಏರಿಳಿಸುವ ಮಂಡಲ. ಅದು ಹುಟ್ಟಿಸುವ ಅಲೆಯಲ್ಲಿ ಮೂಲಸ್ವರದೊಡನೆ ಅನೇಕ ಉಪಸ್ವರಗಳೂ ತುಂಬಿರುತ್ತವೆ. ಮುಂದೆ ಬರುವ ಶೋಧಕವು ಆ ಉಪಸ್ವರಗಳಲ್ಲಿ ಬೇಡವಾದುವನ್ನು ತಡೆಯುತ್ತದೆ. ಶಿಲ್ಪಿಯು ಕಲ್ಲಿನಿಂದ ಬೇಡವಾದ ಭಾಗವನ್ನು ಕಡೆದು ಮೂರ್ತಿಯನ್ನು ತೆಗೆಯುವಂತೆ, ವಾದಕನು ಈ ತುಂಬುನಾದದಿಂದ ಬೇಡದ್ದನ್ನು ಕಳೆದು ತನಗೆ ಬೇಕಾದ ನಾದವನ್ನು ಪಡೆಯುತ್ತಾನೆ. ಕೊನೆಯಲ್ಲಿರುವ ವರ್ಧಕವು ನಾದ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಇಳಿಯಬೇಕು ಎಂಬುದನ್ನು ನಿರ್ಧರಿಸುತ್ತದೆ.

ಇಂತಹ ಸುಮಾರು 12,000 ವಾದ್ಯಗಳು ತಯಾರಾದ ಮೇಲೆ, 1981ರಲ್ಲಿ ಮಿನಿಮೋಗಿನ ಮೊದಲ ತಯಾರಿಕೆ ನಿಂತಿತು. 2016ರಲ್ಲಿ ಅದನ್ನು ಮತ್ತೆ ತಯಾರಿಸಲಾಯಿತಾದರೂ ಆ ಕಾಲದ ಇತರ ಅನೇಕ ಸಿಂಥಸೈಸರುಗಳಿಗೆ ಇಂತಹ ಮರುಹುಟ್ಟಿನ ಭಾಗ್ಯ ದೊರೆತಿಲ್ಲ. ಮರದ ವೀಣೆ ತಲೆಮಾರುಗಳ ಕಾಲ ಬಾಳಬಹುದು. ತಂತಿ ಹರಿದರೆ ಹೊಸ ತಂತಿ ಕಟ್ಟಬಹುದು. ವಿದ್ಯುನ್ಮಾನ ವಾದ್ಯದ ಆಯುಷ್ಯ ಅಷ್ಟು ಗಟ್ಟಿಯಲ್ಲ. ಅದರೊಳಗಿನ ವಿದ್ಯುತ್ ಧಾರಕಗಳು ಒಣಗುತ್ತವೆ. ಕೀಲಿಗಳ ಕೆಳಗಿನ ಲೋಹದ ಸಂಪರ್ಕಗಳು ಮಾಸುತ್ತವೆ. ಕೆಲವು ಬಿಡಿಭಾಗಗಳನ್ನು ತಯಾರಿಸುವವರೇ ಇಲ್ಲವಾಗುತ್ತಾರೆ. ವಾದ್ಯ ಮೂಕವಾಗುವ ಮುನ್ನ ಅದರ ದನಿಯನ್ನು ಉಳಿಸಿಕೊಳ್ಳುವ ಬಗೆ ಹೇಗೆ? ಗಣಕಯಂತ್ರದ ಮುಂದೆ ಕುಳಿತು ಸಂಗೀತ ರಚಿಸುವವನಿಗೆ ಆ ದನಿ ಕೈಗೆಟುಕುವಂತೆ ಮಾಡುವುದು ಹೇಗೆ? ಈ ಎರಡು ಪ್ರಶ್ನೆಗಳಿಗೂ ದೊರೆತ ಒಂದು ಉತ್ತರ ಸ್ಯಾಂಪ್ಲಿಂಗ್, ಅಂದರೆ ನಾದದ ಮಾದರಿಯನ್ನು ತೆಗೆದಿಡುವ ವಿದ್ಯೆ. ವಾದ್ಯದ ಸ್ವರಗಳನ್ನು ಒಂದೊಂದಾಗಿ ಮುದ್ರಿಸಿಕೊಂಡು, ಬೇರೊಂದು ಕೀಲಿಮಣೆಯ ಕೀಲಿಗಳಿಗೆ ಅವನ್ನು ಹಂಚಿ, ಬೇಕಾದಾಗ ನುಡಿಸುವಂತೆ ಮಾಡುವುದೇ ಈ ವಿದ್ಯೆಯ ತಿರುಳು.

ಈ ಕಲ್ಪನೆ ಗಣಕಯಂತ್ರಕ್ಕಿಂತ ಮೊದಲೇ ಸಂಗೀತಕ್ಕೆ ಬಂದಿತ್ತು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ತಯಾರಾದ ಮೆಲೋಟ್ರಾನ್ ಎಂಬ ವಾದ್ಯದಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ಕಾಂತಪಟ್ಟಿಯ ತುಂಡೊಂದಿತ್ತು. ಆ ಪಟ್ಟಿಯ ಮೇಲೆ ಪಿಟೀಲಿನ ಅಥವಾ ಕೊಳಲಿನ ಒಂದು ಸ್ವರ ಮುದ್ರಿತವಾಗಿರುತ್ತಿತ್ತು. ಕೀಲಿಯನ್ನು ಒತ್ತಿದರೆ ಪಟ್ಟಿ ಓಡಿ ಸ್ವರ ಕೇಳಿಸುತ್ತಿತ್ತು. ಸುಮಾರು ಎಂಟು ಸೆಕೆಂಡುಗಳಲ್ಲಿ ಪಟ್ಟಿ ಮುಗಿದು ಸ್ವರ ನಿಲ್ಲುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಿಂದ ಫೇರ್‌ಲೈಟ್ ಎಂಬ ಗಣಕವಾದ್ಯ ಹೊರಬಂದಿತು. ಅದನ್ನು ನಿರ್ಮಿಸಿದ ಪೀಟರ್ ವೋಗೆಲ್ ಮತ್ತು ಕಿಮ್ ರೈರೀ ಮೊದಲು ಬಯಸಿದ್ದು ವಾದ್ಯಗಳ ನಾದವನ್ನು ಲೆಕ್ಕಾಚಾರದಿಂದಲೇ ಕಟ್ಟಬೇಕೆಂದು. ಅದು ಎಣಿಸಿದಷ್ಟು ಸುಲಭವಾಗಲಿಲ್ಲ. ಒಮ್ಮೆ ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋ ನಾದದ ಒಂದು ತುಣುಕನ್ನು ವೋಗೆಲ್ ಯಂತ್ರಕ್ಕೆ ತುಂಬಿಸಿ ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಿ ನೋಡಿದನು. ಲೆಕ್ಕ ಹಾಕಿ ಕಟ್ಟಿದ ನಾದಕ್ಕಿಂತ ಅದು ಹೆಚ್ಚು ಸಹಜವಾಗಿತ್ತು. 1981ರಲ್ಲಿ ಅಮೆರಿಕದಲ್ಲಿ ಎಮ್ಯುಲೇಟರ್ ಎಂಬ ವಾದ್ಯ ಬಂದಿತು. 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶವು ಪ್ರತಿ ಸ್ವರದ ಆರಂಭವನ್ನಷ್ಟೇ ಗಣಕದ ಸ್ಮೃತಿಯಲ್ಲಿ ಇಟ್ಟುಕೊಂಡು ಉಳಿದುದನ್ನು ನುಡಿಸುವಾಗಲೇ ಡಿಸ್ಕಿನಿಂದ ಓದಿಕೊಳ್ಳುವ ಉಪಾಯವನ್ನು ತಂದಿತು. ಇದರಿಂದ ಮಾದರಿಗಳು ಎಷ್ಟೇ ದೀರ್ಘವಾಗಿದ್ದರೂ ತೊಂದರೆಯಿಲ್ಲದಂತಾಯಿತು. 2002ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಕಾಂಟ್ಯಾಕ್ಟ್ ಎಂಬ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ.

ಗಣಕಯಂತ್ರಕ್ಕೆ ನಾದ ತಿಳಿಯದು. ಅದಕ್ಕೆ ತಿಳಿಯುವುದು ಅಂಕಿಗಳು ಮಾತ್ರ. ಆದುದರಿಂದ ವಾದ್ಯದಿಂದ ಹೊರಬರುವ ವಿದ್ಯುತ್ತಿನ ಅಲೆಯನ್ನು ಅಂಕಿಗಳಾಗಿ ಬದಲಾಯಿಸಬೇಕು. ಬೆಟ್ಟದ ಏರಿಳಿತವನ್ನು ನಕ್ಷೆಯಲ್ಲಿ ತೋರಿಸಬಯಸುವವನು ಹತ್ತು ಹೆಜ್ಜೆಗೊಮ್ಮೆ ನಿಂತು ಎತ್ತರವನ್ನು ಅಳೆದು ಬರೆದುಕೊಳ್ಳುವಂತೆ, ಪರಿವರ್ತಕವೆಂಬ ಸಾಧನವು ಅಲೆಯ ಎತ್ತರವನ್ನು ನಿಯತಕಾಲಕ್ಕೊಮ್ಮೆ ಅಳೆಯುತ್ತದೆ. ಸಂಗೀತದ ಅಡಕಮುದ್ರಿಕೆಗಳಲ್ಲಿ ಅಳವಡಿಸಿಕೊಂಡಿರುವ ಕ್ರಮದಂತೆ ಸೆಕೆಂಡಿಗೆ 44,100 ಬಾರಿ ಈ ಅಳತೆ ನಡೆಯುತ್ತದೆ. ಈ ಸಂಖ್ಯೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. ಒಂದು ಅಲೆಯನ್ನು ತಪ್ಪಿಲ್ಲದೆ ಮರಳಿ ಪಡೆಯಬೇಕಾದರೆ ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕೆಂಬುದು ಗಣಿತದಿಂದ ಸಿದ್ಧವಾದ ನಿಯಮ. ಈ ನಿಯಮದೊಡನೆ ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶ್ಯಾನನ್ ಎಂಬ ವಿಜ್ಞಾನಿಗಳ ಹೆಸರುಗಳು ಸೇರಿಕೊಂಡಿವೆ.

ಈ ನಿಯಮವನ್ನು ಮೀರಿದರೆ ಏನಾಗುತ್ತದೆ? ಚಲನಚಿತ್ರದಲ್ಲಿ ವೇಗವಾಗಿ ಓಡುವ ಗಾಡಿಯ ಚಕ್ರಗಳು ಕೆಲವೊಮ್ಮೆ ಹಿಂದಕ್ಕೆ ತಿರುಗುವಂತೆ ಕಾಣುವುದುಂಟು. ಚಕ್ರದ ವೇಗಕ್ಕೆ ತಕ್ಕಷ್ಟು ಚಿತ್ರಗಳನ್ನು ಕ್ಯಾಮೆರಾ ತೆಗೆಯದಿರುವುದೇ ಇದಕ್ಕೆ ಕಾರಣ. ನಾದದಲ್ಲಿಯೂ ಹೀಗೆಯೇ. ಸೆಕೆಂಡಿಗೆ 30,000 ಬಾರಿ ಕಂಪಿಸುವ ಅಲೆಯನ್ನು 44,100 ಬಾರಿ ಮಾತ್ರ ಅಳೆದರೆ, ಅದು 14,100 ಕಂಪನಗಳ ಸುಳ್ಳುಸ್ವರವಾಗಿ ಮುದ್ರಣದಲ್ಲಿ ಸೇರಿಕೊಳ್ಳುತ್ತದೆ. ಕಿವಿಗೆ ಕೇಳಿಸದಿದ್ದ ಕಂಪನ ಕೇಳಿಸುವ ಕರ್ಕಶವಾಗುತ್ತದೆ. ಸಿಂಥಸೈಸರಿನ ಅಲೆಗಳಲ್ಲಿ ಇಂತಹ ಉನ್ನತ ಉಪಸ್ವರಗಳು ಇರುತ್ತವೆಯಾದ್ದರಿಂದ, ಅಳತೆಗೆ ಮೊದಲೇ ಅವನ್ನು ಸೋಸಿ ತೆಗೆಯುವ ಏರ್ಪಾಡು ಪರಿವರ್ತಕದಲ್ಲಿರುತ್ತದೆ. ಎಷ್ಟು ಬಾರಿ ಅಳೆಯಬೇಕೆಂಬುದರಂತೆ ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂಬುದೂ ಮುಖ್ಯ. ಫೇರ್‌ಲೈಟಿನ ಎಂಟು ಬಿಟ್ಟುಗಳ ಅಳತೆಗೋಲಿನಲ್ಲಿ 256 ಮೆಟ್ಟಿಲುಗಳು ಮಾತ್ರ ಇದ್ದವು. 16 ಬಿಟ್ಟುಗಳ ಅಳತೆಯಲ್ಲಿ 65,536 ಮೆಟ್ಟಿಲುಗಳಿವೆ. ಈಗ ರೂಢಿಯಲ್ಲಿರುವ 24 ಬಿಟ್ಟುಗಳ ಅಳತೆಯಲ್ಲಿ ಅವುಗಳ ಸಂಖ್ಯೆ 1,67,77,216. ಮೆಟ್ಟಿಲುಗಳು ಸಣ್ಣವಾದಷ್ಟೂ ಮೆಲುನಾದದ ವಿವರಗಳು ಸ್ಪಷ್ಟವಾಗಿ ಉಳಿಯುತ್ತವೆ.

ಅಂಕಿಗಳಾಗಿ ಬದಲಾದ ನಾದದ ಶ್ರುತಿಯನ್ನು ಏರಿಸುವುದು ಬಹಳ ಸುಲಭ. ಅಂಕಿಗಳನ್ನು ಎರಡರಷ್ಟು ವೇಗದಲ್ಲಿ ಓದಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೇರುತ್ತದೆ. ಹಾಗಾದರೆ ಒಂದೇ ಸ್ವರವನ್ನು ಮುದ್ರಿಸಿ ಅದನ್ನೇ ಎಲ್ಲ ಕೀಲಿಗಳಿಗೂ ಹಂಚಬಾರದೇಕೆ? ಸೆಕೆಂಡಿಗೆ 440 ಕಂಪನಗಳ ಸ್ವರವೊಂದನ್ನು ನಾಲ್ಕು ಸೆಕೆಂಡುಗಳ ಕಾಲ ಮುದ್ರಿಸಿದೆ ಎಂದಿಟ್ಟುಕೊಳ್ಳಬಹುದು. ಎರಡರಷ್ಟು ವೇಗದಲ್ಲಿ ಓದಿದಾಗ ಅದು 880 ಕಂಪನಗಳ ಸ್ವರವಾಗುತ್ತದೆ. ಆದರೆ ಎರಡೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಮೂಲಸ್ವರದಲ್ಲಿ ಸೆಕೆಂಡಿಗೆ ಐದು ಬಾರಿ ಇದ್ದ ತೂಗಾಟ ಈಗ ಹತ್ತು ಬಾರಿ ಆಗುತ್ತದೆ. ನಿಧಾನವಾಗಿ ಏರುತ್ತಿದ್ದ ನಾದ ಧಾವಿಸಿ ಏರುತ್ತದೆ. ಇದು ದೊಡ್ಡವರ ಅಂಗಿಯನ್ನು ಕುಗ್ಗಿಸಿ ಮಗುವಿಗೆ ತೊಡಿಸಿದಂತೆ. ಅಳತೆಯೊಡನೆ ಗುಂಡಿ, ಕಾಜ, ಜೇಬುಗಳೆಲ್ಲವೂ ಕುಗ್ಗುತ್ತವೆ. ಆದುದರಿಂದ ಮೂರು ಕೀಲಿಗಳಿಗೊಂದರಂತೆ ಸ್ವರಗಳನ್ನು ಮುದ್ರಿಸುವುದು ಒಳ್ಳೆಯ ಪದ್ಧತಿ. ಆಗ ಪ್ರತಿಯೊಂದು ಮುದ್ರಣವೂ ತನ್ನ ಕೀಲಿಗೆ, ಅದರ ಮೇಲಿನ ಒಂದಕ್ಕೆ ಮತ್ತು ಕೆಳಗಿನ ಒಂದಕ್ಕೆ ಮಾತ್ರ ದುಡಿಯುತ್ತದೆ. ಅಕ್ಕಪಕ್ಕದ ಕೀಲಿಗಳ ನಡುವಿನ ವೇಗದ ವ್ಯತ್ಯಾಸ ನೂರಕ್ಕೆ ಆರಕ್ಕಿಂತ ಕಡಿಮೆಯಾದುದರಿಂದ ಕಿವಿಗೆ ಮೋಸ ತಿಳಿಯುವುದಿಲ್ಲ.

ಮುದ್ರಿಸುವವನು ವಾದ್ಯದ ಸ್ವಭಾವವನ್ನು ಬಲ್ಲವನಾಗಿರಬೇಕು. ಜಪಾನಿನ ಯಮಹಾ ಸಂಸ್ಥೆ 1983ರಲ್ಲಿ ಹೊರತಂದ ಡಿಎಕ್ಸ್7 ಎಂಬ ಸಿಂಥಸೈಸರನ್ನು ಮಿನಿಮೋಗಿನೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಡಿಎಕ್ಸ್7ರಲ್ಲಿ ಕೀಲಿಯನ್ನು ಮೆಲ್ಲಗೆ ಒತ್ತಿದರೆ ಮೃದುವಾದ ನಾದ ಹುಟ್ಟುವಂತೆಯೂ ರಭಸದಿಂದ ಒತ್ತಿದರೆ ಗಂಟೆಯಂತಹ ತೀಕ್ಷ್ಣ ನಾದ ಹುಟ್ಟುವಂತೆಯೂ ಏರ್ಪಡಿಸಬಹುದು. ಅಲ್ಲಿ ಬದಲಾಗುವುದು ನಾದದ ಗಾತ್ರವಷ್ಟೇ ಅಲ್ಲ, ಅದರ ಗುಣವೂ ಬದಲಾಗುತ್ತದೆ. ಆದುದರಿಂದ ಒಂದೊಂದು ಸ್ವರವನ್ನೂ ಹಲವು ರಭಸಗಳಲ್ಲಿ ಮುದ್ರಿಸಬೇಕು. ಅದರ 61 ಕೀಲಿಗಳಲ್ಲಿ ಮೂರಕ್ಕೊಂದರಂತೆ 21 ಸ್ವರಗಳನ್ನು ನಾಲ್ಕು ರಭಸಗಳಲ್ಲಿ ಮುದ್ರಿಸಿದರೆ 84 ಮುದ್ರಣಗಳಾಗುತ್ತವೆ. 1983ರಲ್ಲಿಯೇ ಜಾರಿಗೆ ಬಂದ ಮಿಡಿ ಎಂಬ ಸಂಕೇತಪದ್ಧತಿ ಈ ಕೆಲಸವನ್ನು ಹಗುರ ಮಾಡುತ್ತದೆ. ಯಾವ ಕೀಲಿಯನ್ನು ಎಷ್ಟು ರಭಸದಿಂದ ಒತ್ತಬೇಕೆಂಬುದನ್ನು 0ರಿಂದ 127ರವರೆಗಿನ ಅಂಕಿಗಳಲ್ಲಿ ಗಣಕಯಂತ್ರವೇ ವಾದ್ಯಕ್ಕೆ ತಿಳಿಸುತ್ತದೆ, ವಾದ್ಯ ನುಡಿಯುತ್ತದೆ, ಗಣಕ ಮುದ್ರಿಸಿಕೊಳ್ಳುತ್ತದೆ.

ಮಿನಿಮೋಗಿನ ರೀತಿಯೇ ಬೇರೆ. ಅದರ ಕೀಲಿಯನ್ನು ಹೇಗೆ ಒತ್ತಿದರೂ ನಾದ ಒಂದೇ. ರಭಸಕ್ಕೆ ತಕ್ಕ ಮುದ್ರಣಗಳು ಅಲ್ಲಿ ವ್ಯರ್ಥ. ಆದರೆ ಅದರ ಮೂರು ಆಂದೋಲಕಗಳು ಎಂದೂ ಪೂರ್ಣವಾಗಿ ಒಂದಕ್ಕೊಂದು ಕೂಡಿ ನಡೆಯುವುದಿಲ್ಲ. ಬಿಸಿ ಏರಿದಂತೆ ಒಂದರ ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ. ಒಂದೇ ಕೀಲಿಯನ್ನು ಎರಡು ಬಾರಿ ಒತ್ತಿದರೆ ಎರಡನೆಯ ನಾದ ಮೊದಲನೆಯದರ ತದ್ರೂಪವಾಗಿರುವುದಿಲ್ಲ. ಈ ಸಣ್ಣ ಅಸ್ಥಿರತೆಯೇ ಅದರ ನಾದಕ್ಕೆ ಜೀವಕಳೆ. ಒಂದೇ ಮುದ್ರಣವನ್ನು ಮತ್ತೆ ಮತ್ತೆ ನುಡಿಸಿದರೆ ಈ ಕಳೆ ಮಾಯವಾಗಿ, ಬಂದೂಕಿನ ಗುಂಡುಗಳಂತೆ ಒಂದೇ ಅಚ್ಚಿನ ಸ್ವರಗಳು ಹೊರಬೀಳುತ್ತವೆ. ಆದುದರಿಂದ ಅನುಭವಿಗಳು ಪ್ರತಿಯೊಂದು ಸ್ವರವನ್ನೂ ಮೂರು ನಾಲ್ಕು ಬಾರಿ ಮುದ್ರಿಸಿ, ನುಡಿಸುವಾಗ ಅವು ಸರದಿಯಂತೆ ಬರುವ ಹಾಗೆ ಏರ್ಪಡಿಸುತ್ತಾರೆ. 44 ಕೀಲಿಗಳಲ್ಲಿ ಮೂರಕ್ಕೊಂದರಂತೆ 15 ಸ್ವರಗಳು. ಪ್ರತಿಯೊಂದೂ ಮೂರು ಬಾರಿ, ಬಾರಿಗೆ ಹತ್ತು ಸೆಕೆಂಡುಗಳಂತೆ ಮುದ್ರಿಸಿದರೆ ಒಟ್ಟು ಏಳೂವರೆ ನಿಮಿಷಗಳ ನಾದ. ಒಂದೇ ವಾಹಿನಿಯಲ್ಲಿ, 24 ಬಿಟ್ಟುಗಳಲ್ಲಿ ಮುದ್ರಿಸಿದಾಗ ಅದು ಸುಮಾರು ಆರು ಕೋಟಿ ಬೈಟುಗಳಷ್ಟು ಜಾಗವನ್ನು ಆಕ್ರಮಿಸುತ್ತದೆ. ಇಂದಿನ ಗಣಕಕ್ಕೆ ಇದು ಹೊರೆಯೇ ಅಲ್ಲ.

ಮುದ್ರಣದ ಕೆಲಸ ತಾಳ್ಮೆಯನ್ನು ಬೇಡುತ್ತದೆ. ವಾದ್ಯಕ್ಕೆ ವಿದ್ಯುತ್ ಕೊಟ್ಟು ಅದು ಹದವಾಗಿ ಬಿಸಿಯಾಗುವವರೆಗೆ ಕಾಯಬೇಕು. ಅನಂತರ ಶ್ರುತಿ ಮಾಡಬೇಕು. ಸೆಕೆಂಡಿಗೆ 440 ಕಂಪನಗಳ ಆಧಾರಸ್ವರವನ್ನು ಕೊಡುವ ಗುಂಡಿ ಮಿನಿಮೋಗಿನ ಮುಖಫಲಕದಲ್ಲಿಯೇ ಇದೆ. ಪ್ರತಿಧ್ವನಿ ಮೊದಲಾದ ಅಲಂಕಾರಗಳೇನಾದರೂ ಇದ್ದರೆ ಅವನ್ನು ತೆಗೆದುಹಾಕಿ ಶುದ್ಧನಾದವನ್ನೇ ಮುದ್ರಿಸುವುದು ಲೇಸು. ಅಲಂಕಾರವನ್ನು ಆಮೇಲೆ ಸೇರಿಸಬಹುದು, ನಾದದೊಳಗೆ ಬೆರೆತ ಅಲಂಕಾರವನ್ನು ಬೇರ್ಪಡಿಸಲಾಗದು. ನಾದದ ಮಟ್ಟ ಅತಿಯಾದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಒಡಕುದನಿ ಬರುತ್ತದೆ. ಮಟ್ಟ ತೀರ ಕಡಿಮೆಯಾದರೆ ವಿದ್ಯುತ್ ಸರಬರಾಜಿನ ಗುಂಯ್‌ಗುಡುವಿಕೆ ಮುಂದೆ ಬರುತ್ತದೆ. ಕೀಲಿಯಿಂದ ಬೆರಳು ತೆಗೆದ ಮೇಲೂ ನಾದ ಪೂರ್ತಿಯಾಗಿ ಅಡಗುವವರೆಗೆ ಮುದ್ರಣವನ್ನು ನಿಲ್ಲಿಸಬಾರದು. ಮುದ್ರಿಸಿದ ಪ್ರತಿಯೊಂದು ತುಣುಕಿಗೂ ಸ್ವರ, ರಭಸ, ಸರದಿಗಳನ್ನು ಸೂಚಿಸುವ ಹೆಸರಿಡಬೇಕು. ಹೆಸರಿಲ್ಲದ ನೂರು ತುಣುಕುಗಳು ಚೀಟಿ ಕಿತ್ತುಹೋದ ಔಷಧದ ಸೀಸೆಗಳಂತೆ; ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ವಾದಕನು ಕೀಲಿಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಮಿನಿಮೋಗ್ ಒಂದು ನಿಮಿಷ ನುಡಿಯುತ್ತದೆ. ಆದರೆ ಮುದ್ರಣ ಹತ್ತು ಸೆಕೆಂಡುಗಳದು ಮಾತ್ರ. ಆದುದರಿಂದ ಮುದ್ರಣದ ಒಂದು ಭಾಗವನ್ನು ಆರಿಸಿ, ಅದು ಮತ್ತೆ ಮತ್ತೆ ಆವರ್ತಿಸುವಂತೆ ಮಾಡುತ್ತಾರೆ. ಆವರ್ತನದ ಕೊನೆ ಮತ್ತು ಮೊದಲು ಕೂಡುವಲ್ಲಿ ಅಲೆಯ ಎತ್ತರವೂ ದಿಕ್ಕೂ ಹೊಂದಬೇಕು. ಇಲ್ಲವಾದರೆ ಪ್ರತಿ ಸುತ್ತಿಗೂ ಟಕ್ಕೆಂಬ ಸದ್ದು ಕೇಳಿಸುತ್ತದೆ. ಎರಡು ಆಂದೋಲಕಗಳು ಕೂಡಿ ನುಡಿಯುವಾಗ ಇನ್ನೂ ಎಚ್ಚರ ಬೇಕು. ಒಂದು 440 ಬಾರಿ, ಇನ್ನೊಂದು 441 ಬಾರಿ ಕಂಪಿಸುತ್ತಿದ್ದರೆ ನಾದ ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿಸ್ಪಂದವೆಂದು ಹೆಸರು. ಇಲ್ಲಿ ಆವರ್ತನದ ಉದ್ದವನ್ನು ಪೂರ್ಣ ಸೆಕೆಂಡುಗಳಲ್ಲಿಯೇ ಇಡಬೇಕು. ಅರ್ಧ ಉಬ್ಬಿನಲ್ಲಿ ಕತ್ತರಿಸಿದರೆ ನಾದ ಕುಂಟುತ್ತದೆ.

ಇಷ್ಟೆಲ್ಲ ಶ್ರಮದಿಂದ ಮಿನಿಮೋಗಿನ ಸ್ವರಗಳು ಗಣಕಕ್ಕೆ ಬಂದವು. ಆದರೆ ಮಿನಿಮೋಗೇ ಬಂದಿತೆ? ವಾದಕನು ಎಡಗೈಯಿಂದ ಶೋಧಕದ ತಿರುಗುಣಿಯನ್ನು ಮೆಲ್ಲಗೆ ತಿರುಗಿಸುತ್ತಿರುವಂತೆ ನಾದ ಮುಚ್ಚಿದ ಬಾಯಿ ತೆರೆದಂತೆ ಅರಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವಿನ ಶ್ರುತಿಗಳನ್ನೆಲ್ಲ ಅದು ಮುಟ್ಟಿಕೊಂಡು ಹೋಗುತ್ತದೆ. ಮುದ್ರಣದಲ್ಲಿರುವುದು ತಿರುಗುಣಿಯ ಒಂದು ನಿಲುವಿನ ನಾದ ಮಾತ್ರ. ಶೋಧಕವನ್ನು ಪೂರ್ತಿ ತೆರೆದಿಟ್ಟು ಮುದ್ರಿಸಿ, ತಂತ್ರಾಂಶದಲ್ಲಿರುವ ಶೋಧಕದಿಂದ ನಾದವನ್ನು ಸೋಸಬಹುದು, ನಿಜ. ಆಗ ಚಲನೆ ದೊರೆಯುತ್ತದೆ. ಆದರೆ ಆ ಶೋಧಕ ಮಿನಿಮೋಗಿನದಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ.

ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ. ತಂಬೂರಿಯ ನಾಲ್ಕು ತಂತಿಗಳು ಒಂದೇ ಕ್ರಮದಲ್ಲಿ ಆವರ್ತಿಸುತ್ತವೆ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಈ ಆವರ್ತನವನ್ನು ವಿದ್ಯುನ್ಮಾನ ಮಂಡಲಗಳಿಂದ ಸಾಧಿಸಿತು. ಅನಂತರದ ದಿನಗಳಲ್ಲಿ ನಿಜವಾದ ತಂಬೂರಿಯ ಮೀಟುಗಳನ್ನೇ ಮುದ್ರಿಸಿಟ್ಟುಕೊಂಡು ನುಡಿಸುವ ಉಪಕರಣಗಳೂ ಬಂದವು. ಒಂದೇ ಮೀಟು ಮತ್ತೆ ಮತ್ತೆ ಬರುವುದೇ ತಂಬೂರಿಯ ಧರ್ಮವಾದುದರಿಂದ ಮಾದರಿಯ ವಿದ್ಯೆ ಅದಕ್ಕೆ ಒಪ್ಪುತ್ತದೆ. ವೀಣೆಯ ಮಾತು ಹಾಗಲ್ಲ. ಅದರ ಸ್ವರಗಳನ್ನೆಲ್ಲ ಒಂದೊಂದಾಗಿ ಮುದ್ರಿಸಿ ಜೋಡಿಸಿದರೂ ತೋಡಿ ರಾಗ ಹುಟ್ಟುವುದಿಲ್ಲ. ರಾಗದ ಪ್ರಾಣವಾದ ಗಮಕವಿರುವುದು ಸ್ವರದಿಂದ ಸ್ವರಕ್ಕೆ ಸಾಗುವ ದಾರಿಯಲ್ಲಿ. ಮಾದರಿಯು ನಿಲ್ದಾಣಗಳನ್ನು ಹಿಡಿಯುತ್ತದೆ. ದಾರಿಯನ್ನು ಹಿಡಿಯುವುದು ಅದಕ್ಕೆ ಕಷ್ಟ.

ಹಾಗೆಂದು ಈ ವಿದ್ಯೆಯನ್ನು ಕಡೆಗಣಿಸುವಂತಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಸಿಂಥಸೈಸರೊಂದನ್ನು ಸ್ಥಾಪಿಸಲಾಯಿತು. ಗೀತಾ ಸಾರಾಭಾಯಿ ಮೊದಲಾದವರು 1972ರವರೆಗೆ ಅಲ್ಲಿ ನಡೆಸಿದ ಪ್ರಯೋಗಗಳು ಕಾಂತಪಟ್ಟಿಗಳಲ್ಲಿ ಉಳಿದವು. ಅವುಗಳಿಂದ ಆಯ್ದ ಭಾಗಗಳು 2023ರಲ್ಲಿ ಪ್ರಕಟವಾದಾಗ, ಅರ್ಧ ಶತಮಾನದ ಹಿಂದಿನ ಆ ನಾದ ಮತ್ತೆ ಲೋಕದ ಕಿವಿಗೆ ಬಿದ್ದಿತು. ಆ ಪಟ್ಟಿಗಳಿಲ್ಲದಿದ್ದರೆ ಅಲ್ಲಿನ ಸಾಹಸ ಮಾತಿನಲ್ಲಿ ಮಾತ್ರ ಉಳಿಯುತ್ತಿತ್ತು. ಆದರೆ ಅವುಗಳಲ್ಲಿರುವುದು ಅಂದು ನುಡಿಸಿದ ಸಂಗೀತ. ಅದನ್ನು ಕೇಳಬಹುದೇ ಹೊರತು ಆ ವಾದ್ಯದ ದನಿಯಲ್ಲಿ ಹೊಸದನ್ನು ನುಡಿಸಲಾಗದು. ಧ್ವನಿಮುದ್ರಿಕೆಯು ನುಡಿಸಿದುದನ್ನು ಉಳಿಸುತ್ತದೆ. ಮಾದರಿಸಂಗ್ರಹವು ಮುಂದೆ ನುಡಿಸಬಹುದಾದುದನ್ನು ಉಳಿಸುತ್ತದೆ. ಇಂದಿನ ವಾದ್ಯವೊಂದು ಮೂಕವಾದ ಮೇಲೆ, ಅದನ್ನು ಎಂದೂ ಕಣ್ಣಿನಿಂದ ಕಾಣದ ಬಾಲಕನೊಬ್ಬನು ಅದರ ದನಿಯಲ್ಲಿ ಹೊಸ ಹಾಡನ್ನು ಕಟ್ಟುವುದು ಇದರಿಂದ ಸಾಧ್ಯವಾಗುತ್ತದೆ. ಬೆಲೆಬಾಳುವ ವಾದ್ಯವನ್ನು ಕೊಳ್ಳಲಾರದವನಿಗೂ ಅದರ ನಾದ ದೊರೆಯುತ್ತದೆ.

ಈ ಉಪಕಾರದೊಡನೆ ಒಂದು ಹೊಣೆಯೂ ಇದೆ. ಕೆಲವು ಸಿಂಥಸೈಸರುಗಳ ಒಳಗೆ ತಯಾರಕರೇ ಮುದ್ರಿಸಿಟ್ಟ ಪಿಯಾನೋ, ಪಿಟೀಲು ಮೊದಲಾದ ನಾದಗಳಿರುತ್ತವೆ. ಅವು ಮತ್ತೊಬ್ಬರ ದುಡಿಮೆಯ ಫಲ. ಅವನ್ನು ನಕಲು ಮಾಡಿ ತನ್ನದೆಂದು ಮಾರುವುದು ಕೃತಿಸ್ವಾಮ್ಯಕ್ಕೂ ನ್ಯಾಯಕ್ಕೂ ವಿರುದ್ಧವಾದುದು.

ಕ್ಯಾಮೆರಾ ಬಂದ ಮಾತ್ರಕ್ಕೆ ಚಿತ್ರ ತೆಗೆಯುವವನ ಕಣ್ಣಿನ ಅಗತ್ಯ ತಪ್ಪಲಿಲ್ಲ. ಸ್ಯಾಂಪ್ಲಿಂಗ್ ಕೂಡ ಹಾಗೆಯೇ. ಯಾವ ಸ್ವರವನ್ನು, ಯಾವ ನಿಲುವಿನಲ್ಲಿ, ಎಷ್ಟು ಬಾರಿ ಮುದ್ರಿಸಬೇಕು ಎಂಬುದನ್ನು ಯಂತ್ರ ಹೇಳಲಾರದು. ವಾದ್ಯವನ್ನು ಬಹುಕಾಲ ಕೇಳಿ, ಅದರ ಗುಣದೋಷಗಳನ್ನು ಅರಿತವನ ಕಿವಿಯೇ ಅದನ್ನು ಹೇಳಬೇಕು. ಅಂತಹ ಕಿವಿ ಆರಿಸಿದುದು ಉಳಿಯುತ್ತದೆ. ಆರಿಸದೆ ಬಿಟ್ಟದ್ದು ವಾದ್ಯದೊಡನೆಯೇ ಅಳಿಯುತ್ತದೆ. ಆದುದರಿಂದ ನಾದದ ಪಡಿಯಚ್ಚನ್ನು ತೆಗೆಯಹೊರಟವನು ಮೊದಲು ಕಲಿಯಬೇಕಾದ ಪಾಠ ಮುದ್ರಿಸುವುದಲ್ಲ, ಕೇಳುವುದು.